ಗೊಲ್ಲಾಳಪ್ಪ ನಿಂತ ಜಾಗ

ನೆರಳು ಇನ್ನೂ ಹೊಂಡದ ಅಂಚು ದಾಟಿರಲಿಲ್ಲ. ವಿಜಾಪುರದ ಇಬ್ರಾಹಿಂ ರೋಜಾದ ಎತ್ತರದ ಕಟ್ಟೆಯ ಮೇಲೆ, ಗೋರಿಗೂ ಮಸೀದಿಗೂ ನಡುವಿನ ನೀರಿಲ್ಲದ ಹೊಂಡದ ಹತ್ತಿರ ಕೂತು ಬಂದಗಿಸಾಬ ಎಂಟು ಗಂಟೆಯಿಂದ ಬಿಸಿಲನ್ನೇ ನೋಡುತ್ತಿದ್ದ. ಗೋರಿಯ ಹಿಂದಿನಿಂದ ಸೂರ್ಯ ಏರಿದ ಹಾಗೆ ಅದರ ನೆರಳು ಮಸೀದಿಯ ಮೆಟ್ಟಿಲು ಬಿಟ್ಟು ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು, ಹಾಸಿದ ಜಮಖಾನೆಯನ್ನು ಯಾರೋ ಆ ತುದಿಯಿಂದ ಸುತ್ತಿಕೊಂಡು ಬಂದ ಹಾಗೆ. ಅರ್ಧ ತಾಸಿಗೊಮ್ಮೆ ಎದ್ದು ನೆರಳಿನ ತುದಿಗೆ ಒಂದು ಹರಳು ಇಟ್ಟು ಬಂದು ಕೂಡುತ್ತಿದ್ದ. ಬರುವ ಐತವಾರ ಇಲ್ಲಿ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ ಪಟ ತೆಗೆಯಬೇಕಾಗಿತ್ತು. ಬಾಗೇವಾಡಿಯ ಅವನ ಅಂಗಡಿಯಲ್ಲಿ ಗೋಳಗುಮ್ಮಟ ಬರೆದ ಪರದೆ ಇತ್ತು. ಸುತ್ತಿನ ಊರುಗಳ ಜನ ಇಪ್ಪತ್ತೈದು ವರ್ಷದಿಂದ ಆ ಪರದೆಯ ಮುಂದೆಯೇ ವಿಜಾಪುರಕ್ಕೆ ಹೋಗಿ ಬಂದಿದ್ದರು. ನಿಜವಾದ ಬಿಸಿಲಿನಲ್ಲಿ, ನಿಜವಾದ ಕಲ್ಲಿನ ಮುಂದೆ ನಿಲ್ಲಿಸಿ ತೆಗೆಯಿರಿ ಎಂದು ಈ ತನಕ ಯಾರೂ ಕೇಳಿರಲಿಲ್ಲ. ಮುಂಜಾನೆ ಮಸೀದಿಯ ಕಡೆ ನಿಲ್ಲಿಸಿದರೆ ಕಣ್ಣಿಗೆ ಬಿಸಿಲು ಹೊಡೆದು ಹುಬ್ಬು ಗಂಟು ಬೀಳುತ್ತವೆ. ಇಳಿಹೊತ್ತಿನಲ್ಲಿ ಗೋರಿಯ ಕಡೆ ಬೆಳಕು ಚಲೋ, ಆದರೆ ಬಾಗೇವಾಡಿಯ ಮೋಟಾರು ತಪ್ಪುತ್ತದೆ. ಮಸೀದಿಯ ಕಮಾನಿನ ಒಳಗೆ ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರೆ, ನೆಲದ ಕಲ್ಲಿಗೆ ಬಡಿದು ತಿರುಗಿ ಬರುವ ಬೆಳಕು ಮುಖಕ್ಕೆ ಕೆಳಗಿನಿಂದ ಹತ್ತುತ್ತದೆ, ಹಾಲು ಕಾಯುವಾಗ ಬಗ್ಗಿ ನೋಡುವವರ ಮುಖಕ್ಕೆ ಹತ್ತುವ ಹಾಗೆ. ಅಲ್ಲಿಯೇ ನಿಲ್ಲಿಸಬೇಕು. ಹತ್ತಕ್ಕೆ. ಅಷ್ಟು ನಿಶ್ಚಯವಾದ ಮೇಲೆ ಅವನು ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ.

ಗಿಡಗಳಿಗೆ ನೀರು ಹಾಕುವ ಮುದುಕ ಬಹಳ ಹೊತ್ತು ನೋಡಿ ಕೊನೆಗೆ ಹತ್ತಿರ ಬಂದು, ಏನು ಕಳಕೊಂಡೀರಿ, ಆವಾಗಿನಿಂದ ನೆಲ ನೋಡಾಕತ್ತೀರಲ್ಲ ಎಂದು ಕೇಳಿದ. ನೆರಳು ನೋಡುತ್ತಿದ್ದೇನೆ ಎಂದ ಬಂದಗಿಸಾಬ. ಮುದುಕ ಹರಳುಗಳ ಸಾಲನ್ನು ನೋಡಿದ, ಅವನ ಮುಖವನ್ನು ನೋಡಿದ, ಕೊಡ ಎತ್ತಿಕೊಂಡು ಹೋದ. ಐವತ್ತನಾಲ್ಕು ವರ್ಷದ ಮನುಷ್ಯ ಹರಳು ಇಟ್ಟುಕೊಂಡು ಕೂತಿದ್ದಕ್ಕೆ ಬಂದಗಿಸಾಬನಿಗೇ ಹೇಗೋ ಆಯಿತು. ಮಾಸ್ತರ ಅಂಗಡಿಗೆ ಬಂದ ದಿವಸದಿಂದ ಅವನಿಗೆ ಹೀಗೆಯೇ ಆಗುತ್ತಿತ್ತು. ಸಾಲಿಯ ರೇವಪ್ಪ ಮಾಸ್ತರ ನಗುತ್ತ ಬಂದು, ನಮ್ಮ ಮನೆಯಾಕೆಗೆ ವಿಜಾಪುರ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ, ಈಗ ಕರೆದುಕೊಂಡು ಹೋಗುವುದೆಂದರೆ ಅಲ್ಲಿ ಬಯಲಿನಲ್ಲಿ ಒಂದು ಪಟ ಆಗಬೇಕೆನ್ನುತ್ತಾಳೆ, ಅದೂ ನೀವೇ ತೆಗೆಯಬೇಕಂತೆ, ಎಂದಿದ್ದ. ವಿಜಾಪುರದಲ್ಲಿ ಫೋಟೋದವರಿಗೆ ಬರವಿಲ್ಲ. ಬಾಗೇವಾಡಿಯಿಂದ ಕ್ಯಾಮರಾ ನಿಲ್ಲಿಸುವ ಮೂರು ಕಾಲಿನ ಕುದುರೆ, ಪೆಟ್ಟಿಗೆ, ಕರಿ ಅರಿವೆ ಹೊರಿಸಿಕೊಂಡು ಒಬ್ಬ ಮುದಿ ಸಾಬನನ್ನು ಯಾಕೆ ಒಯ್ಯಬೇಕು? ಮಾಸ್ತರನನ್ನು ಅದನ್ನೇ ಕೇಳಿದ್ದ. ನಾನೂ ಕೇಳಿದೆ, ಅವರೇ ಬೇಕು ಅಂದಳು, ಹೆಂಗಸರ ಹಟ, ಎಂದು ಮಾಸ್ತರ ಮತ್ತೂ ನಕ್ಕ. ಬಂದಗಿಸಾಬನೂ ನಕ್ಕಿದ್ದ. ನಗುವಾಗ ಕಾಲಿನ ಕೆಳಗಿನ ಹಲಗೆ ಸರಿದ ಹಾಗಾಗಿತ್ತು. ಯಾಕೆಂದರೆ ಮಾಸ್ತರನ ಹೆಂಡತಿ ಕಸ್ತೂರೆವ್ವ ಮಸೂತಿ ಎಂಬ ಊರಿನ ಗೊಲ್ಲಾಳಪ್ಪನ ಮಗಳು. ಆ ತಂದೆ ಮಗಳದೊಂದು ಪಟ ಅವನು ಹದಿನೆಂಟು ವರ್ಷದ ಹಿಂದೆ ತೆಗೆದಿದ್ದ. ಆ ಪಟ ಇರಲಿಲ್ಲ. ಎಂದೂ ಇದ್ದಿರಲಿಲ್ಲ.

ಯುದ್ಧದ ಕಾಲ ಅದು. ಮುಂಬಯಿಯಿಂದ ಬರುತ್ತಿದ್ದ, ಪಟ ಮೂಡುವ ಕಾಜಿನ ಪ್ಲೇಟುಗಳು ನಿಂತುಹೋಗಿದ್ದವು. ಸೊಲ್ಲಾಪುರದ ಅಂಗಡಿಯವನು ಒಂದೊಂದನ್ನೇ ಔಷಧದ ಹಾಗೆ ಕೊಡುತ್ತಿದ್ದ. ಮಸೂತಿಯಲ್ಲಿ ಕಸ್ತೂರೆವ್ವನ ಮದುವೆಗೆ ಹೋಗುವಾಗ ಅವನ ಹತ್ತಿರ ಇದ್ದವು ಮೂರೇ. ಹಂದರದಲ್ಲಿ ಎಲ್ಲರಿಗೂ ಪಟ ಬೇಕು. ಮದುವೆಯ ಮನೆಯಲ್ಲಿ ಇಲ್ಲ ಎನ್ನಬಾರದು ಎಂದು ಅವನಿಗೆ ಕೆಲಸ ಕಲಿಸಿದವನು ಮೊದಲ ದಿನವೇ ಹೇಳಿಕೊಟ್ಟಿದ್ದ: ಅರಿಶಿಣ ಹಚ್ಚಿದ ಮನೆಯಲ್ಲಿ ಆ ಮಾತು ಬಾಯಿಂದ ಬಂದರೆ ಅಪಶಕುನ, ಮಂದಿ ನಿನ್ನನ್ನು ಮತ್ತೆ ಕರೆಯುವುದಿಲ್ಲ, ಪ್ಲೇಟು ತೀರಿದರೆ ಖಾಲಿ ಹೊಡಿ. ಎಲ್ಲ ಫೋಟೋದವರೂ ಹೊಡೆಯುತ್ತಿದ್ದರು. ಕರಿ ಅರಿವೆಯೊಳಗೆ ತಲೆ ಹಾಕುವುದು, ಮುಚ್ಚಳ ತೆಗೆದು ಒಂದು ಎರಡು ಮೂರು ಎಂದು ಎಣಿಸುವುದು, ಮುಚ್ಚುವುದು. ಆಮೇಲೆ ಕೇಳಿದವರಿಗೆ ಪ್ಲೇಟು ಒಡೆಯಿತು, ಬೆಳಕು ತಗುಲಿತು ಎಂದರಾಯಿತು. ಮುಕ್ಕಾಲು ಮಂದಿ ಕೇಳುವುದೇ ಇಲ್ಲ. ತೆಗೆಸಿಕೊಂಡ ಸಂತೋಷದಲ್ಲೇ ಅವರ ಪಟ ಮುಗಿದಿರುತ್ತದೆ. ಒಂದು ಪ್ಲೇಟು ಮದುಮಕ್ಕಳಿಗೆ ಹೋಯಿತು. ಎರಡು ಬೀಗರ ಪಾಲಾದವು. ಇನ್ನೇನು ಪೆಟ್ಟಿಗೆ ಕಟ್ಟಬೇಕೆನ್ನುವಾಗ ಗೊಲ್ಲಾಳಪ್ಪ ಹಂದರದ ಕಂಬ ಹಿಡಿದು ನಿಂತು, ಗಂಡಿನ ಕಡೆಯವರೆಲ್ಲ ಮುಗಿಯಲಿ ಎಂದು ಅಲ್ಲಿಯ ತನಕ ಕಾದವನು, ನನ್ನದು ನನ್ನ ಮಗಳದು ಒಂದು ಆಗಲಿ ಸಾಬ್ರ ಎಂದಿದ್ದ. ಅವನ ದನಿ ಬಂದಗಿಸಾಬನಿಗೆ ಇಂದಿಗೂ ಕಿವಿಯಲ್ಲಿದೆ. ತಲೆಗೆ ಸುತ್ತಿದ ಹೊಸ ರುಮಾಲು ನೆನಪಿದೆ. ಅದರ ಕೆಳಗಿನ ಮುಖ ಮಾತ್ರ ಇಲ್ಲ. ಎಷ್ಟು ಎಳೆದರೂ ಆ ಜಾಗದಲ್ಲಿ ಒಂದು ಬೆಳ್ಳಗಿನ ಮಬ್ಬು ಬಂದು ನಿಲ್ಲುತ್ತದೆ, ಬೆಳಕು ತಗುಲಿದ ಪ್ಲೇಟಿನ ಹಾಗೆ. ಅಂದು ಮುಚ್ಚಳ ತೆಗೆದು ಸುಮ್ಮನೆ ಎಣಿಸಿದ್ದ. ಒಂದನ್ನು ಮಾತ್ರ ಮಾಡಿರಲಿಲ್ಲ. ಪ್ಲೇಟು ಇಡುವ ಚೌಕಟ್ಟಿಗೆ ಬೆಳಕು ತಡೆಯುವ ಒಂದು ಕರಿ ಪಟ್ಟಿ ಇರುತ್ತದೆ, ಮುಚ್ಚಳ ತೆಗೆಯುವ ಮುಂಚೆ ಅದನ್ನು ಮೇಲಕ್ಕೆ ಎಳೆಯಬೇಕು. ಖಾಲಿ ಚೌಕಟ್ಟಿನ ಪಟ್ಟಿಯನ್ನೂ ಆಟಕ್ಕೆಂದು ಎಳೆಯಬಹುದಾಗಿತ್ತು. ಕೈ ಯಾಕೋ ಏಳಲಿಲ್ಲ. ಸುಳ್ಳಿನ ಅರ್ಧವನ್ನು ಕೈ ಮಾಡಿತ್ತು, ಇನ್ನರ್ಧ ನನ್ನಿಂದ ಆಗುವುದಿಲ್ಲ ಎಂದಿತ್ತು.

ಗೊಲ್ಲಾಳಪ್ಪ ಕೇಳುವವರ ಪೈಕಿ. ಮಸೂತಿಯಿಂದ ನಡೆದುಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಕಾಲು ಧೂಳಾಗ್ಯಾವು ಎನ್ನುತ್ತಿದ್ದ. ಮೊದಲ ಸಲ ಬಂದಾಗ ಪ್ಲೇಟು ತೊಳೆಯಲು ಸೊಲ್ಲಾಪುರಕ್ಕೆ ಹೋಗಿದೆ ಎಂದು ಹೇಳಿದ್ದಾಯಿತು. ಎರಡನೆಯ ಸಲ ಇನ್ನೂ ಬಂದಿಲ್ಲ ಎಂದು. ಆ ಸಲ ಅವನು ಸೀತನಿ ತಂದಿದ್ದ. ಎಳೆ ಜೋಳದ ತೆನೆ ಸುಟ್ಟು ತಿಕ್ಕಿ ತೆಗೆದ ಹಸಿರು ಕಾಳು, ಅರಿವೆಯ ಗಂಟಿನಲ್ಲಿ ಇನ್ನೂ ಬೆಚ್ಚಗೆ. ಬಂದಗಿಸಾಬನ ಹೆಂಡತಿ ಪೀರಬಿ ಅದಕ್ಕೆ ಬೆಲ್ಲ ಕೂಡಿಸಿ ತಾಟಿನಲ್ಲಿ ಹಾಕಿ ಕೊಟ್ಟಳು. ಬಂದಗಿಸಾಬ ಉಂಡ. ಉಣ್ಣುವಾಗ ರುಚಿಯಾಗಿತ್ತು, ಇದನ್ನು ಅವನು ಯಾರಿಗೂ ಹೇಳಿಲ್ಲ. ಮೂರನೆಯ ಸಲ, ದಾರಿಯಲ್ಲಿ ಒಡೆಯಿತಪ್ಪಾ ಎಂದ. ಗೊಲ್ಲಾಳಪ್ಪ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿ, ಕಾಜಿಂದಲ್ಲೇನು, ಒಡೀತೈತಿ, ನೀವೇನು ಮಾಡತೀರಿ ಎಂದು ಅವನಿಗೇ ಸಮಾಧಾನ ಹೇಳಿದ. ನೀರು ಕುಡಿದ, ಎದ್ದ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡನೆಂದು ಮಸೂತಿಯಿಂದ ಬಂದವರು ಬೇರೆ ಏನೋ ಹೇಳುತ್ತ ನಡುವೆ ಹೇಳಿದರು. ಆ ಹೊತ್ತು ಬಂದಗಿಸಾಬ ಒಬ್ಬರ ಗಲ್ಲ ಹಿಡಿದು ಎಡಕ್ಕೆ ತಿರುಗಿಸುತ್ತಿದ್ದ. ತಿರುಗಿಸಿದ, ತೆಗೆದ, ಪಟ ಚಲೋ ಬಂತು.

ರೋಜಾದಿಂದ ಬಾಗೇವಾಡಿಗೆ ತಿರುಗಿ ಬರುವಾಗ ಮೋಟಾರು ಮುಕ್ಕಾಲು ಖಾಲಿ ಇತ್ತು. ಕಿಟಕಿಯ ಹತ್ತಿರ ಕೂತು ಅವನು ಮಾಸ್ತರನ ಮನೆಯಲ್ಲಿ ಹೇಳಬೇಕಾದದ್ದನ್ನು ಕೂಡಿಸಿದ. ಐತವಾರದ ಒಳಗೆ ಹೇಳಲೇಬೇಕು, ಆ ಸುಳ್ಳಿನ ಮೇಲೆ ಮತ್ತೊಂದು ಪಟ ನಿಲ್ಲಿಸುವುದು ಆಗದು ಎಂದು ರೋಜಾದಲ್ಲಿ ಹರಳು ಇಡುವಾಗಲೇ ಅನ್ನಿಸಿತ್ತು. ಯವ್ವಾ, ಅವತ್ತು ಪ್ಲೇಟು ಇರಲಿಲ್ಲ. ಇಷ್ಟೇ ಮಾತು. ಆಕೆ ಏನು ಮಾಡಿಯಾಳು? ಐತವಾರದ ಪಟ ಬೇಡ ಎಂದಾಳು. ಮಾಸ್ತರ ಊರಿಗೆಲ್ಲ ಹೇಳಿಯಾನು. ಯಾರ ಯಾರ ಮನೆಯ ಪಟ ಒಡೆದಿತ್ತೋ ಅವರೆಲ್ಲ ಒಬ್ಬೊಬ್ಬರಾಗಿ ಅಂಗಡಿಯ ಕಟ್ಟೆಗೆ ಬಂದು ಕೂತಾರು. ಹೊರಗೆ ಹೊಲಗಳು ಸರಿಯುತ್ತಿದ್ದವು. ಕರಿ ಅರಿವೆಯೊಳಗೆ ಮಸುಕು ಕಾಜಿನ ಮೇಲೆ ಕಾಣುವುದೆಲ್ಲ ತಲೆಕೆಳಗು. ಇಷ್ಟು ವರ್ಷ ನೋಡಿ ನೋಡಿ ಅವನಿಗೆ ಬೇಕೆಂದಾಗ ಲೋಕವನ್ನು ತಿರುಗಿಸಿಕೊಳ್ಳುವ ರೂಢಿಯಾಗಿತ್ತು. ಕಣ್ಣು ಅರೆ ಮುಚ್ಚಿ ತಿರುಗಿಸಿದ. ಬಿಳಿಜೋಳದ ತೆನೆಗಳು ಮೇಲಿನಿಂದ ಜೋತುಬಿದ್ದವು, ಕೆಳಗೆ ಆಕಾಶ ಕೆರೆಯ ಹಾಗೆ ನಿಂತಿತು, ಎತ್ತು ಹೊಡೆಯುವವನೊಬ್ಬ ಆ ಕೆರೆಯೊಳಗೆ ತಲೆ ಅದ್ದಿಕೊಂಡು ನಡೆದ. ಮುಂದಿನ ಸೀಟಿನ ರೈತನನ್ನು ತಿರುಗಿಸಿದ. ರುಮಾಲು ಕೆಳಗೆ, ಗದ್ದ ಮೇಲೆ. ಗೊಲ್ಲಾಳಪ್ಪನಾಗಬಹುದೇ ಎಂದು ನೋಡಿದ. ಆಗಲಿಲ್ಲ. ಇವನಿಗೆ ಅವನ ಮೀಸೆ, ಅವನಿಗೆ ಇವನ ಕಿವಿ ಎಂದು ಮೋಟಾರಿನ ಮಂದಿಯನ್ನೆಲ್ಲ ಬಿಚ್ಚಿ ಜೋಡಿಸಿದ. ಎಲ್ಲ ಮುಖಗಳೂ ಗೊಲ್ಲಾಳಪ್ಪನ ರುಮಾಲಿನ ಕೆಳಗೆ ಸ್ವಲ್ಪ ಹೊತ್ತು ನಿಂತು, ತಮ್ಮದಲ್ಲದ ಮನೆ ಹೊಕ್ಕವರ ಹಾಗೆ ಹೊರಬಿದ್ದವು. ನಿನ್ನೆ ಪೀರಬಿ ಊಟಕ್ಕೆ ಹಾಕುವಾಗ, ಆ ಮಾಸ್ತರ ಬಂದು ಹೋದಾಗಿನಿಂದ ನೀವು ರೊಟ್ಟಿಯನ್ನೂ ದೂರ ಹಿಡಿದು ನೋಡಾಕತ್ತೀರಿ ಎಂದಿದ್ದಳು. ಅವಳಿಗೂ ಅವನು ಪ್ಲೇಟು ಒಡೆಯಿತೆಂದೇ ಹೇಳಿದ್ದ.

ಮಾಸ್ತರನ ಮನೆಗೆ ಹೋದಾಗ ನಾಲ್ಕು ಹೊಡೆದಿತ್ತು. ಪಡಸಾಲೆಯಲ್ಲಿ ಮಾಸ್ತರನ ತಾಯಿ ಶೆಟ್ಟೆವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಅವಳ ತಲೆಯ ಮೇಲೆ ಗೋಡೆಗೆ ಮದುಮಕ್ಕಳ ಪಟ ಇತ್ತು, ಅಂದು ತೆಗೆದದ್ದೇ. ಬಾಸಿಂಗದ ಕೆಳಗೆ ಕಣ್ಣು ಇಳಿಸಿದ ಹುಡುಗಿ. ಅವನು ಅದರ ಕಡೆ ಬೆನ್ನು ಮಾಡಿ ಕೂತ. ರೋಜಾ, ಕಮಾನು, ಹತ್ತು ಗಂಟೆ, ಬೆಳಗಿನ ಮೊದಲ ಮೋಟಾರು, ಎಲ್ಲ ಹೇಳಿದ. ಜರಿ ಹೊಳೆಯುವ ಸೀರೆ ಬೇಡ, ಇಳಕಲ್ಲಿನದು ಇದ್ದರೆ ಅದನ್ನೇ ಉಡಲಿ, ಬಣ್ಣ ಗಾಢವಿರಲಿ ಎಂದ. ಗೋಳಗುಮ್ಮಟದ ಮುಂದೆ ಯಾಕೆ ಬೇಡ ಎಂದು ಮಾಸ್ತರ ಕೇಳಿದ್ದಕ್ಕೆ, ಗುಮ್ಮಟ ಹಿಡಿಸಬೇಕೆಂದರೆ ಮನುಷ್ಯರು ಇರುವೆಯಷ್ಟಾಗುತ್ತಾರೆ ಎಂದ. ಹಾಗಾದರೆ ಪಟ ತೆಗೆಯುವ ಹೊತ್ತಿಗೆ ನಾನು ಕೋಟೆಯ ಮೇಲಿನ ಮುಲುಕ ಮೈದಾನ ತೋಪು ನೋಡಿ ಬರುತ್ತೇನೆ ಎಂದ ಮಾಸ್ತರ. ಶೆಟ್ಟೆವ್ವ ಮೊರ ನಿಲ್ಲಿಸದೆ ಕೇಳಿದಳು:

“ಅಲ್ಲೋ ರೇವಪ್ಪಾ, ನಮ್ಮ ಅಂಗಳದಾಗ ಬಿಸಲಿಲ್ಲೇನು? ಬಿಸಲಿಗಿ ವಿಜಾಪುರಕ್ಕ ಹೋಗ್ತೀರಿ?”

“ಅಲ್ಲಿ ಬಿಸಲು ಬಾದಶಹಾಂದು, ಯವ್ವಾ,” ಎಂದ ಮಾಸ್ತರ. “ನಮ್ಮದು ಹಪ್ಪಳಾ ಒಣಗಿಸೂದಕ್ಕ ಅಷ್ಟ.”

ಸಾಲಿಯ ಕೀಲಿ ಹೆಡ್‌ಮಾಸ್ತರರ ಮನೆಗೆ ಮುಟ್ಟಿಸಿ ಬರುತ್ತೇನೆ, ಚಹಾ ಕುಡಿಯದೆ ಏಳಬೇಡಿ ಎಂದು ಹೇಳಿ ಮಾಸ್ತರ ಚಪ್ಪಲಿ ಮೆಟ್ಟಿದ. ಹೇಳಬೇಕಾದದ್ದನ್ನು ಹೇಳಲು ಈಗಲೇ ಹೊತ್ತು ಎಂದು ಬಂದಗಿಸಾಬನಿಗೆ ತಿಳಿಯಿತು. ಕಸ್ತೂರೆವ್ವ ಚಹಾ ತಂದು ಮುಂದಿಟ್ಟಳು. ಒಳಗೆ ಹೋಗದೆ ಅಂಗಳಕ್ಕೆ ಇಳಿದು ತುಳಸಿಯ ಹತ್ತಿರ ನಿಂತಳು. ಎತ್ತರದ ಹೆಂಗಸು, ಮೂವತ್ತು ದಾಟಿದವಳು, ಎತ್ತರಕ್ಕೆ ನಾಚಿ ಎಂದೋ ಕಲಿತ ಸ್ವಲ್ಪ ಬಾಗಿದ ಹೆಗಲು. ಎಲ್ಲಿ ನಿಲ್ಲಬೇಕೋ ತೋರಿಸಿರಿ, ಐತವಾರ ತಪ್ಪಾಗಬಾರದು ಎಂದಳು. ಅವನು ಇಳಿದು ಹೋದ. ಶೆಟ್ಟೆವ್ವನ ಮೊರ ಹಿಂದೆ ಸದ್ದು ಮಾಡುತ್ತಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಆಕೆ ಮೆಲ್ಲಗೆ, ಮನೆಯ ಮಾತು ಹೇಳುವ ದನಿಯಲ್ಲಿಯೇ ಹೇಳಿದಳು.

“ಕಾಕಾ, ಅವತ್ತ ನೀವು ಆ ಕರಿ ಪಟ್ಟಿ ಎಳದಿದ್ದಿಲ್ಲ.”

ಒಂದು ಗುಬ್ಬಿ ಮೊರದಿಂದ ಸಿಡಿದ ಬೇಳೆ ಹೆಕ್ಕಿಕೊಂಡು ಹಾರಿತು. ನಾಲ್ಕು ವರ್ಷದ ಹಿಂದೆ ನೀವು ಸಾಲಿಯ ಹುಡುಗರ ಪಟ ತೆಗೆಯಲು ಬಂದಿದ್ದಿರಿ, ನಾನು ಎದುರಿನ ಕಿಟಕಿಯಲ್ಲಿದ್ದೆ ಎಂದು ಆಕೆ ಹೇಳಿದಳು. ಮುಚ್ಚಳ ತೆಗೆಯುವ ಮುಂಚೆ ಒಂದು ಪಟ್ಟಿ ಎಳೆದಿರಿ. ಎರಡು ಸಲ ತೆಗೆದಿರಿ, ಎರಡು ಸಲವೂ ಎಳೆದಿರಿ. ನಮ್ಮದು ತೆಗೆಯುವಾಗ ನಾನು ಕಣ್ಣು ಪಿಳುಕಿಸದೆ ನಿಮ್ಮ ಕೈಯನ್ನೇ ನೋಡಿದ್ದೆ, ಪಿಳುಕಿಸಬೇಡ ಅಂದಿದ್ದಿರಿ, ಆ ಪಟ್ಟಿ ಅಲ್ಲೇ ಇತ್ತು. ಆವತ್ತು ಕಿಟಕಿಯಲ್ಲಿ ಎಲ್ಲ ತಿಳಿಯಿತು. ಸಿಟ್ಟು ಬಂದಿತ್ತು, ಈಗಿಲ್ಲ. ಅಪ್ಪ ಆ ಪಟದ ಮಾತನ್ನು ಹೊಲದ ಆಳುಗಳಿಗೂ ಹೇಳಿ ಹೇಳಿ ಸಂತೋಷಪಟ್ಟ, ಅದು ಸುಳ್ಳಲ್ಲವಲ್ಲ. ಬಂದಗಿಸಾಬನಿಗೆ ಆಕೆಯ ಮಾತು ಬಹಳ ದೂರದಿಂದ ಬರುತ್ತಿತ್ತು. ಇಷ್ಟು ದಿನ ಹೊತ್ತ ಮೂಟೆಯನ್ನು ಯಾರೋ ತಲೆಯಿಂದ ಇಳಿಸಿಕೊಂಡರು, ಇಳಿದ ಮೇಲೆ ಕುತ್ತಿಗೆಗೆ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯಲಿಲ್ಲ. ಮೋಟಾರಿನಲ್ಲಿ ಕೂಡಿಸಿಟ್ಟ ಮಾತಿಗೆ ಈಗ ಕೆಲಸವಿರಲಿಲ್ಲ. ಆದರೂ ಹೇಳಿದ.

“ಪ್ಲೇಟು ಇರಲಿಲ್ಲ ಯವ್ವಾ. ಒಡದದ್ದು ಅನ್ನೂದು ಸುಳ್ಳು. ನಿಮ್ಮಪ್ಪನ್ನ ಮೂರು ಸಲ ನಡಸೇನಿ.”

“ಗೊತ್ತೈತ್ರಿ.” ಆಕೆ ಸೆರಗು ಎಳೆದುಕೊಂಡಳು. “ನಾ ಅದಕ್ಕ ನಿಮ್ಮನ್ನ ಕರದಿಲ್ಲ. ಇವರು ಅತ್ತಾಗ ಇತ್ತಾಗ ಹ್ವಾದಾಗ ಅಲ್ಲಿ ಕೇಳೂಣಂತ ಮಾಡಿದ್ದೆ, ನೀವ ಇವತ್ತ ಬಂದ್ರಿ. ನನಗ ನಮ್ಮಪ್ಪನ ಮಾರಿ ಮರತೈತಿ, ಕಾಕಾ. ದನಿ ಐತಿ, ಮಾರಿ ಇಲ್ಲ. ಅಣ್ಣತಮ್ಮರಿಲ್ಲ, ಅಂವನ್ಹಂಗ ಇದ್ದಾರಂತ ನೋಡಾಕ. ಅವತ್ತ ನಾ ಬಾಜೂಕ ನಿಂತಿದ್ದೆ, ನಿಮ್ಮ ಪೆಟಗಿ ನೋಡಕೋತ. ನನಗ ಅಂವ ಕಾಣಲಿಲ್ಲ. ಅಷ್ಟು ಹೊತ್ತು ಅಂವನ್ನ ನೋಡಿದವರು ನೀವೊಬ್ಬರ. ಹೆಂಗಿದ್ದ ಹೇಳ್ರಿ.”

ಹೇಳುವುದು ಸರಳವಿತ್ತು. ಈ ಭಾಗದ ಒಕ್ಕಲಿಗನ ಮುಖ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿಲ್ಲವೇ? ಮೂಗು ನೀಳ, ಮೀಸೆ ದಟ್ಟ, ಬಿಸಿಲಿಗೆ ಸುಕ್ಕಾದ ಕಣ್ಣಂಚು, ನಕ್ಕರೆ ಒಂದು ಹಲ್ಲು ಓರೆ. ಆಕೆ ಅದನ್ನು ನಂಬಿ ಒಳಗೆ ಒಯ್ದು ಇಟ್ಟುಕೊಳ್ಳುತ್ತಾಳೆ, ಸಾಯುವ ತನಕ ಇಟ್ಟುಕೊಳ್ಳುತ್ತಾಳೆ. ಇದೂ ಖಾಲಿ ಹೊಡೆದ ಹಾಗೆಯೇ ಎಂದು ಅನ್ನಿಸುವಷ್ಟರಲ್ಲಿ ತುಟಿ ಅರ್ಧ ತೆರೆದಿತ್ತು. ಮುಚ್ಚಿದ. ಆಮೇಲೆ, ನನಗೂ ಮುಖ ನೆನಪಿಲ್ಲ, ವಾರದಿಂದ ಅದನ್ನೇ ಹುಡುಕುತ್ತಿದ್ದೇನೆ, ಇಲ್ಲ ಎಂದು ಹೇಳಿದ. ತನ್ನ ಬಾಯಿಂದ ಆ ಇಲ್ಲ ಎಂಬ ಮಾತು ಬಂದದ್ದು ಅವನಿಗೆ ಕೇಳಿಸಿತು. ಆಕೆ ತಲೆ ಬಗ್ಗಿಸಿದಳು. ಹೋಗಲಿ ಬಿಡ್ರಿ ಎಂದಳು, ತಂದೆಯ ದನಿಯಲ್ಲಿ.

ಏನೂ ತೋಚದೆ ಅವನು ತನ್ನ ಕೆಲಸ ಮಾಡಿದ. ಅವತ್ತು ನಿಂತ ಹಾಗೆ ನಿಲ್ಲು, ನೋಡೋಣ ಎಂದ. ಆಕೆ ಗೋಡೆಗೆ ಬೆನ್ನು ಮಾಡಿ ನಿಂತು, ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಳು. ಅವನು ಹಿಂದೆ ಹಿಂದೆ ಸರಿದು ಎಂಟು ಹೆಜ್ಜೆ ಎಣಿಸಿದ, ಬೆನ್ನಿಗೆ ಬಾಗಿಲಿನ ಚೌಕಟ್ಟು ತಾಗಿತು. ಇಳಿಬಿಸಿಲು ಆಕೆಯ ಒಂದು ಕೆನ್ನೆಗೆ, ಬಾಜೂಕಿನ ಬರಿ ಗೋಡೆಗೆ ಸಮನಾಗಿ ಬಿದ್ದಿತ್ತು. ಕಣ್ಣು ಅರೆ ಮುಚ್ಚಿ ತಿರುಗಿಸಿದ. ಅಂಗಳ ಮೇಲಾಯಿತು. ಆಕೆ ಮೇಲಿನಿಂದ ಜೋತು ನಿಂತಳು, ಆಕೆಯ ಪಕ್ಕ ಖಾಲಿ. ಆ ಖಾಲಿಯಲ್ಲಿ ಏನೋ ಸರಿಯಿಲ್ಲ ಎಂದು ಕಣ್ಣಿಗಿಂತ ಮೊದಲು ಕೈಗೆ ಅನ್ನಿಸಿತು. ಅಲ್ಲಿ ನಿಲ್ಲುವವನ ತಲೆ ಆಕೆಗೆ ಸಮ ಬರುತ್ತಿಲ್ಲ. ಕೆಳಗಾಗುತ್ತದೆ. ಯಾಕೆ ಎಂದು ತಿಳಿಯದೆಯೇ ನಡೆದು ಹೋಗಿ ಆ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಎರಡೂ ಕೈಯಿಂದ ನೆಲ ಸವರಿದ, ಅಲುಗಾಡುವುದನ್ನು ಅಲುಗದ ಹಾಗೆ ಒತ್ತಿ ಕೂಡ್ರಿಸುವವನ ಹಾಗೆ. ಕೈ ಅಲ್ಲಿಯೇ ನಿಂತಿತು.

“ಅವತ್ತ ಇಲ್ಲಿ ಒಂದ ಕಲ್ಲ ಇಟ್ಟಿದ್ದೆ,” ಎಂದ.

ಗೊಲ್ಲಾಳಪ್ಪ ಕರಿ ಅರಿವೆಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದ್ದ. ಮಗಳು ನನಗಿಂತ ಬೆಳೆದಾಳ ಸಾಬ್ರ, ಪಟದೊಳಗೆ ತಂದೆ ಸಣ್ಣವ ಕಾಣಬಾರದು, ಆಕೆಗೂ ಗೊತ್ತಾಗಬಾರದು, ಆಕೆ ಇನ್ನೂ ಬಗ್ಗಿ ನಡೆದಾಳು. ಒಲೆಗೆಂದು ತಂದ ಕಲ್ಲುಗಳಲ್ಲಿ ಒಂದನ್ನು ಎತ್ತಿಕೊಂಡು ಬಂದು ಇಟ್ಟದ್ದು, ಅದರ ಮೇಲೆ ಅವನು ಹತ್ತಿದ್ದು, ಧೋತರದ ಅಂಚು ಇಳಿಸಿ ಕಲ್ಲು ಮುಚ್ಚಿದ್ದು. ಕಲ್ಲು ಸಮ ಇರಲಿಲ್ಲ. ಬಂದಗಿಸಾಬ ಒಂದೊಂದಾಗಿ ಹೇಳಿದ, ನೆಲದಿಂದ ಕೈ ಎತ್ತದೆ. ಎತ್ತಿದರೆ ಹೋಗಿಬಿಡುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹೊರಳುತ್ತಿದ್ದ ಕಲ್ಲಿನ ಮೇಲೆ ಗೊಲ್ಲಾಳಪ್ಪ ನಿಂತಿದ್ದ, ಕೆಳತುಟಿಯನ್ನು ಮೀಸೆಯೊಳಗೆ ಕಚ್ಚಿ ಹಿಡಿದು, ಹುಬ್ಬು ಎರಡೂ ರುಮಾಲಿನೊಳಗೆ ಹೋಗುವಷ್ಟು ಮೇಲಕ್ಕೇರಿಸಿ, ಕೊಡ ತುಂಬ ನೀರು ಹೊತ್ತವನ ಹಾಗೆ.

“ನನ್ನ ಹೆಗಲ ಮ್ಯಾಲ ಕೈ ಇಟ್ಟಿದ್ದ,” ಎಂದಳು ಕಸ್ತೂರೆವ್ವ. “ಒತ್ತಿ ಹಿಡದಿದ್ದ. ಮಗಳು ಹೊಂಟಾಳಂತ ಹಿಡದಾನಂತ ತಿಳಕೊಂಡಿದ್ದೆ.”

“ಬೀಳಬಾರದಂತ ಹಿಡದಿದ್ದ, ಯವ್ವಾ.”

ಆಕೆಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಅದನ್ನು ದಾಟಿ ಬಂತು, ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ಕಣ್ಣು ಒರೆಸಿಕೊಂಡು, ಸೆರಗು ಬಿಟ್ಟು, ಆಕೆ ಹೆಗಲು ನೆಟ್ಟಗೆ ಮಾಡಿ ತನ್ನ ಪೂರಾ ಎತ್ತರಕ್ಕೆ ನಿಂತಳು. ನಿಧಾನ ಕತ್ತು ಎಡಕ್ಕೆ ಹೊರಳಿಸಿ, ತನಗಿಂತ ತುಸು ಮೇಲೆ, ಬಿಸಿಲು ಬಿದ್ದ ಗೋಡೆಯ ಕಡೆ ನೋಡಿದಳು. ಏನನ್ನೋ ಗುರುತು ಹಿಡಿಯುವವಳ ಹಾಗೆ ಆಕೆಯ ಹುಬ್ಬು ತಾವೇ ಮೇಲಕ್ಕೇರಿದವು.

ಪೆಟ್ಟಿಗೆಯ ಮುಂದೆ ನಿಂತವರಿಗೆಲ್ಲ ಬಂದಗಿಸಾಬ ಹೇಳುತ್ತ ಬಂದ ಮಾತು ಒಂದಿತ್ತು: ಆ ಕಡೆ ನೋಡಬೇಡಿ, ನನ್ನ ಕಡೆ ನೋಡಿ. ನೆಲಕ್ಕೆ ಕೈ ಊರಿ ಕೂತಲ್ಲಿಂದಲೇ ಅವನು ಆಕೆಯನ್ನು ನೋಡಿದ, ಆ ಮಾತು ಹೇಳಲಿಲ್ಲ.